ಸಿರುಗುಪ್ಪದ ಚೀಲ, ನಡ ನೋವು ಮತ್ತು ಮಷೀನು

ಬಳ್ಳಾರಿಯಿಂದ ಸಿಂಧನೂರು ಬಸ್ ಹತ್ತಿ ಕಿಟಕಿ ಪಕ್ಕ ಕೂತರೆ, ತೆಕ್ಕಲಕೋಟೆ ದಾಟಿ ಸಿರುಗುಪ್ಪ ಬರೋವಷ್ಟರಲ್ಲಿ ಕಣ್ತುಂಬ ಭತ್ತದ ಗದ್ದೆಗಳು. ತುಂಗಭದ್ರೆಯ ನೀರು ಕುಡಿದ ನೆಲ. ಊರೊಳಗೆ ರೈಸ್ ಮಿಲ್‌ಗಳು, ಲಾರಿಗಳು, ಬೆನ್ನ ಮೇಲೆ ಚೀಲ ಹೊತ್ತ ಹಮಾಲರು.

ಇಲ್ಲಿ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕದಲ್ಲಿ. ಗಂಡಾಳು ಹೊರುವ ಭಾರ 55 ಕೆಜಿ ಮೀರಿದ್ದರೆ ಬೇಗ ಇಳಿಸಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಹೇಳಿತ್ತು. ಹೀಗಿರುವಾಗ "ನಡ ಹಿಡಕೊಂಡೈತ್ರಿ" ಅನ್ನೋ ಮಾತು ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ.

ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ಹಿಡಿಸಿಕೊಂಡ ನಮಗೆ ಫೋನಿನಲ್ಲಿ ಸಿಗೋದು ಮೂಳೆ "ಲಟಕ್" ಅನ್ನುವ ಕೈರೋಪ್ರಾಕ್ಟಿಕ್ ವಿಡಿಯೊಗಳು. 1895ರಲ್ಲಿ ಅಮೆರಿಕದ ಡಿ.ಡಿ. ಪಾಮರ್ ಇದನ್ನು ಶುರು ಮಾಡಿದಾಗ ಕೈಯೇ ಉಪಕರಣ. ಈಗ ಒತ್ತಿದರೆ ಒಂದು ಭಾಗ ತುಸು ಕೆಳಗಿಳಿಯುವ ಟೇಬಲ್ ಇದೆ, ಸ್ಪ್ರಿಂಗ್ ಬಲದಿಂದ ಟಕ್ ಅಂತ ತಟ್ಟುವ ಪುಟ್ಟ ಸಾಧನವಿದೆ. ನಮ್ಮ ಕಡೆಯ ಫಿಸಿಯೊಥೆರಪಿ ಕೇಂದ್ರಗಳಲ್ಲಿ ಹೆಚ್ಚು ಕಾಣೋದು ಸೊಂಟ ಎಳೆಯುವ ಟ್ರ್ಯಾಕ್ಷನ್, ಚರ್ಮದ ಮೇಲೆ ಸಣ್ಣ ಕರೆಂಟ್ ಹರಿಸುವ ಟೆನ್ಸ್, ಅಲ್ಟ್ರಾಸೌಂಡ್.

ಕೆಲಸ ಮಾಡೋದು ಯಾವುದು? ನಿರ್ದಿಷ್ಟ ಕಾರಣ ಸಿಗದ ಹಳೇ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ತಂತು. ಟ್ರ್ಯಾಕ್ಷನ್, ಟೆನ್ಸ್, ಅಲ್ಟ್ರಾಸೌಂಡ್, ಸೊಂಟದ ಬೆಲ್ಟ್ ಎಲ್ಲವೂ "ಮಾಮೂಲಾಗಿ ಬೇಡ" ಪಟ್ಟಿಯಲ್ಲಿವೆ. ವ್ಯಾಯಾಮ, ಮಸಾಜ್, ಬೆನ್ನೆಲುಬಿಗೆ ಕೈಯಿಂದ ಮಾಡುವ ಚಿಕಿತ್ಸೆ, ನೋವಿನ ಬಗ್ಗೆ ತಿಳಿವಳಿಕೆ ಇವು ಪರಿಗಣಿಸಬಹುದಾದವು. ದಿನಗೂಲಿ ಬಿಟ್ಟು ಮಷೀನಿಗೆ ದುಡ್ಡು ಸುರಿಯುವ ಹಮಾಲನಿಗೆ ಇದು ದೊಡ್ಡ ಸುದ್ದಿ.

ಒಂದು ಎಚ್ಚರ. ಕಾಲಿನ ಶಕ್ತಿ ಕುಂದಿದರೆ, ತೊಡೆ ಸಂದಿ ಜೋಮು ಹಿಡಿದರೆ, ಮೂತ್ರ-ಮಲ ಹಿಡಿತ ತಪ್ಪಿದರೆ, ಬಿದ್ದು ಪೆಟ್ಟಾಗಿದ್ದರೆ, ಜ್ವರವೂ ಇದ್ದರೆ ಯಾರ ಕೈಗೂ ಬೆನ್ನು ಕೊಡಬೇಡಿ. ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬಳ್ಳಾರಿಗೆ ಅವತ್ತೇ ಹೊರಡಿ. ಎಕ್ಸ್‌ರೇ ಮೂಳೆ ತೋರಿಸುತ್ತೆ. ಡಿಸ್ಕ್, ನರ ಸ್ಪಷ್ಟವಾಗಿ ಕಾಣೋಕೆ ಎಂಆರ್‌ಐ ಬೇಕು. ಬರೀ ನೋವಿಗೆಲ್ಲ ಸ್ಕ್ಯಾನ್ ಬೇಕಿಲ್ಲ, ಅದನ್ನು ಡಾಕ್ಟರೇ ಹೇಳಲಿ.

ಸಿರುಗುಪ್ಪದ ಬೆನ್ನಿಗೆ ಮೊದಲು ಬೇಕಾದ ಉಪಕರಣ ಕ್ಲಿನಿಕ್‌ನಲ್ಲಿಲ್ಲ. ಚಿಕ್ಕ ಚೀಲ, ತಳ್ಳುಗಾಡಿ, ಲಾರಿಯವರೆಗೆ ಚೀಲ ಸಾಗಿಸುವ ಕನ್ವೇಯರ್ ಬೆಲ್ಟ್. ಈ ತಂತ್ರಜ್ಞಾನ ಬರಬೇಕಾದ್ದು ಮಿಲ್ಲಿನ ಅಂಗಳಕ್ಕೆ.