ಅಮ್ಮನ ಕೂಸು, ಅಪ್ಪನ ಕೂಸು

ಮೇಲಿನ ಮನೆಯ ಕೂಸಿಗೆ ಒಂದೂವರೆ ತಿಂಗಳು. ಅಮ್ಮನನ್ನು ಕೇಳಿದರೆ "ತುಂಬಾ ಸಾಧು, ಎಲ್ಲಿ ಮಲಗಿಸಿದ್ರೂ ಇರತ್ತೆ." ಅಪ್ಪನನ್ನು ಕೇಳಿದರೆ "ಅಯ್ಯೋ, ಮಹಾ ಹಟ ಸಾರ್!" ಇಬ್ಬರೂ ಸುಳ್ಳು ಹೇಳುವವರಲ್ಲ.

ಅಪ್ಪ ಕೆಲಸದಿಂದ ಬರುವುದು ಸಂಜೆ ಏಳಕ್ಕೆ. ಎಳೆಗೂಸಿನ ಅಳು ಆರನೇ ವಾರದ ಹೊತ್ತಿಗೆ ತಾರಕಕ್ಕೇರುತ್ತದೆ, ಅದೂ ಹೆಚ್ಚಾಗಿ ಸಂಜೆಯಲ್ಲಿ ಎಂದು ಅಮೆರಿಕದ ಮಕ್ಕಳ ವೈದ್ಯ ಬ್ರೇಝಲ್ಟನ್ 1962ರಲ್ಲೇ ಬರೆದಿದ್ದರು. ಪಾಪ, ಅಪ್ಪನ ಪಾಲಿಗೆ ಬರುವುದೇ ಆ ಹೊತ್ತು. ಆದರೆ ಸಂಜೆ ಅಮ್ಮನೂ ಇರುತ್ತಾಳಲ್ಲ? ಅವಳಿಗದು ಹೊತ್ತಿನ ಗುಣ, ಅವನಿಗೆ ಮಗುವಿನ ಗುಣ. ಅವಳು ಇಡೀ ದಿನ ನೋಡುತ್ತಾಳೆ, ಅವನು ಸಂಜೆಯಷ್ಟೇ.

ಅಮ್ಮನ ಕಡೆಯ ಅಜ್ಜಿಯ ತೀರ್ಪು ಬೇರೆಯೇ: ಹಟ ಅಳಿಯನ ಮನೆ ಕಡೆಯದು, ನಗು ನಮ್ಮ ಕಡೆಯದು. ಮೇಲ್ಮನವಿಗೆ ಅವಕಾಶವಿಲ್ಲ.

ಇನ್ನು ಕೆಲವರು "ಹೊಟ್ಟೇಲಿದ್ದಾಗಲೇ ಗೊತ್ತಿತ್ತು" ಅನ್ನುತ್ತಾರಲ್ಲ, ಅದನ್ನೂ ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಹೆರಿಗೆಗೆ ಮುಂಚೆ ಅಪ್ಪ ಅಮ್ಮ ಊಹಿಸಿದ ಸ್ವಭಾವಕ್ಕೂ ಹುಟ್ಟಿದ ಮೇಲೆ ಅವರೇ ವರ್ಣಿಸಿದ್ದಕ್ಕೂ ಸಾಕಷ್ಟು ತಾಳೆಯಿತ್ತು. ಅವರು ಮುಂಚೆಯೇ ಕಂಡುಕೊಂಡರೋ, ಮುಂಚೆಯೇ ತೀರ್ಮಾನಿಸಿಬಿಟ್ಟಿದ್ದರೋ? ನನಗೆ ಎರಡನೆಯದರ ಮೇಲೇ ಅನುಮಾನ.

ಮುಂಚಿನ ತೀರ್ಮಾನ ನೋಟವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಕಾಂಡ್ರಿ ಎಂಬ ಇಬ್ಬರು ಸಂಶೋಧಕರು 1976ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ: ಡಬ್ಬಿಯಿಂದ ಚಿಮ್ಮುವ ಗೊಂಬೆ ಕಂಡು ಮಗು ಬೆಚ್ಚಿ ಅಳುವ ದೃಶ್ಯವನ್ನು ನೋಡುಗರಿಗೆ ತೋರಿಸಿದರು. ಅದು ಗಂಡುಮಗು ಎಂದು ಕೇಳಿದವರಿಗೆ ಆ ಅಳುವಿನಲ್ಲಿ ಸಿಟ್ಟು ಹೆಚ್ಚು ಕಂಡಿತು, ಹೆಣ್ಣು ಎಂದು ಕೇಳಿದವರಿಗೆ ಹೆದರಿಕೆ. ಮಗು ಅದೇ, ಅಳುವೂ ಅದೇ.

ಹಾಗಾದರೆ ಹೆತ್ತವರ ಮಾತನ್ನು ನಂಬುವುದು ಹೇಗೆ? ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ಎಂಬ ಮನೋವೈದ್ಯ ದಂಪತಿ 1956ರಿಂದ ವರ್ಷಗಟ್ಟಲೆ ಮಕ್ಕಳ ಜಾಡು ಹಿಡಿದರು. ಅವರ ಲೆಕ್ಕದಲ್ಲಿ ಸುಲಭದ ಮಕ್ಕಳು ಶೇ. 40, ಕಷ್ಟದವು ಶೇ. 10, ನಿಧಾನಕ್ಕೆ ಒಗ್ಗುವವು ಶೇ. 15. ಉಳಿದ ಶೇ. 35 ಯಾವ ಗುಂಪಿಗೂ ಸೇರಲಿಲ್ಲ; ನನಗೆ ಇವರೇ ಇಷ್ಟ. ಮಾಹಿತಿ ಮುಖ್ಯವಾಗಿ ಹೆತ್ತವರ ಬಾಯಿಂದಲೇ ಬಂದದ್ದು. ಆದರೆ "ಮಗುವಿಗೆ ಊಟ ಹಿಡಿಸಲಿಲ್ಲ" ಎಂದರೆ ದಂಪತಿ ಒಪ್ಪುತ್ತಿರಲಿಲ್ಲ. ಉಗುಳಿತೋ, ಮುಖ ತಿರುಗಿಸಿತೋ, ಏನು ಮಾಡಿತು ಹೇಳಿ ಎನ್ನುತ್ತಿದ್ದರು. ಮನೋವಿಜ್ಞಾನಿ ಮೇರಿ ರಾತ್‌ಬಾರ್ಟ್ 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯೂ ಇದೇ ದಾರಿಯದು: ಕಳೆದ ವಾರ ಇಂಥ ಹೊತ್ತಿನಲ್ಲಿ ಮಗು ಹೀಗೆ ಮಾಡಿದ್ದು ಎಷ್ಟು ಸಲ?

ಬಾಣಂತಿ ನೋಡಲು ಹೋಗುವವರು "ಮಗು ಸಾಧುವಾ?" ಅನ್ನುವುದನ್ನು ಬಿಡಿ. ಹೋದ ವಾರ ನೀರು ಹಾಕುವಾಗ ಎಷ್ಟು ದಿನ ಅತ್ತಿತು ಎಂದು ಕೇಳಿ, ಅಮ್ಮನನ್ನೂ ಅಪ್ಪನನ್ನೂ ಬೇರೆಬೇರೆಯಾಗಿ. ಅಪ್ಪ ತಲೆ ಕೆರೆದುಕೊಂಡರೆ ಅದನ್ನೂ ಬರೆದುಕೊಳ್ಳಿ.