ಸುಟ್ಟ ದ್ವೀಪದಲ್ಲಿ ಒಂಟಿ ಸವಾರಿ

2019ರ ಡಿಸೆಂಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪಕ್ಕೆ ಸಿಡಿಲು ಬಡಿದು ಕಾಡಿಗೆ ಬೆಂಕಿ ಹತ್ತಿತು. ಹೊಸ ವರ್ಷದ ಮೂರನೆಯ ದಿನ ಗಾಳಿಯೂ ಜೊತೆಗೂಡಿ ಅದು ಯಾರ ಕೈಗೂ ಸಿಗದಂತಾಯಿತು. ಜನವರಿ ಮುಗಿಯುವ ಹೊತ್ತಿಗೆ ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ ನೆಲ, ಅಂದರೆ ದ್ವೀಪದ ಹೆಚ್ಚುಕಡಿಮೆ ಅರ್ಧ ಭಾಗ, ಸುಟ್ಟುಹೋಗಿತ್ತು. ಹತ್ತಾರು ಸಾವಿರ ಕುರಿಗಳು ಸತ್ತವು. ಕಾರಿನಲ್ಲಿ ಹೊರಟಿದ್ದ ಒಬ್ಬ ತಂದೆ ಮತ್ತು ಆತನ ಮಗ ದಾರಿಯಲ್ಲೇ ಬೆಂಕಿಗೆ ಸಿಕ್ಕಿ ಪ್ರಾಣ ಬಿಟ್ಟರು.

ಈ ದ್ವೀಪವನ್ನು ನೋಡಲೆಂದೇ 2023ರ ಸೆಪ್ಟೆಂಬರ್ ರಜೆಯಲ್ಲಿ ಅಡಿಲೇಡಿನಿಂದ ಹುಡುಗನೊಬ್ಬ ಬೈಕು ಹತ್ತಿ ಹೊರಟ. ಊರು ಗುಂಡ್ಲುಪೇಟೆ ಕಡೆ. ಅಲ್ಲಿ ಓದುತ್ತಿರುವುದು ಬ್ಯಾಂಕ್ ಸಾಲದ ಮೇಲೆ. ಬೈಕು ಯಾರೋ ಓಡಿಸಿ ಬಿಟ್ಟದ್ದು. 'ಬಸ್ಸಿಲ್ವೇನಪ್ಪಾ ಅಲ್ಲಿಗೆ?' ಎಂದು ಅಮ್ಮ ಫೋನಿನಲ್ಲಿ ಮೂರು ಸಲ ಕೇಳಿದರು. ಕೈ ಅಡ್ಡ ಹಾಕಿದರೆ ನಿಲ್ಲುವ ನಮ್ಮೂರ ಬಸ್ಸು ಅಲ್ಲೆಲ್ಲಿ ಬರಬೇಕು? ಅಪ್ಪ ಮಾತ್ರ ಏನೂ ಕೇಳಲಿಲ್ಲ. ಅವರು ಬಂಡೀಪುರದಲ್ಲಿ ಅರಣ್ಯ ವಾಚರ್ ಆಗಿದ್ದವರು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹಸಿ ಸೊಪ್ಪಿನ ಕೊಂಬೆ ಹಿಡಿದು ಹಗಲೂ ರಾತ್ರಿ ಬೆಂಕಿ ಬಡಿದವರು. ಮನೆಗೆ ಬಂದು ಸ್ನಾನ ಮಾಡಿ ಮಲಗಿದವರು ಆ ದಿನಗಳ ಬಗ್ಗೆ ಮತ್ತೆ ಬಾಯಿ ಬಿಡಲಿಲ್ಲ. ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಕೇಪ್ ಜರ್ವಿಸ್‌ನಲ್ಲಿ ಬೈಕನ್ನು ಹಡಗಿಗೇರಿಸಿದರೆ ಮುಕ್ಕಾಲು ಗಂಟೆಯಲ್ಲಿ ಪೆನೆಶಾ ದಡ. ಜೇನು ತರುವಂತಿಲ್ಲ ಎಂಬುದು ಇಲ್ಲಿಯ ನಿಯಮ. ಇಟಲಿಯಿಂದ ಬಂದ ಲಿಗೂರಿಯನ್ ಜೇನ್ನೊಣಗಳಿಗಾಗಿ 1885ರಲ್ಲೇ ಕಾನೂನು ಮಾಡಿ ಕಾಪಾಡಿಕೊಂಡು ಬಂದಿರುವ ದ್ವೀಪವಿದು. ಹೊರಗಿನ ಜೇನು ಬಂದರೆ ರೋಗವೂ ಬಂದೀತೆಂಬ ಭಯ.

ದ್ವೀಪವೆಂದರೆ ಒಂದು ಸುತ್ತು ಹಾಕಿ ಬರುವ ಜಾಗವಲ್ಲ. ಉದ್ದವೇ ನೂರೈವತ್ತು ಕಿಲೋಮೀಟರ್. ಪೂರ್ವದ ಅರ್ಧ ಹಸಿರು ಹುಲ್ಲುಗಾವಲು, ಕುರಿಗಳು, ನೀಲಿ ಕಡಲು. ಪಶ್ಚಿಮಕ್ಕೆ ಸಾಗಿದಂತೆ ಮರಗಳ ರೂಪವೇ ಬೇರೆ. ಕಾಂಡ ಕರಿ ಇದ್ದಿಲು, ನೆತ್ತಿಯಲ್ಲಿ ಬಿಳಿಚಿಕೊಂಡ ಒಣ ಕೊಂಬೆ. ಕೆಳಗಿನಿಂದ ಮೇಲಿನವರೆಗೆ ಮಾತ್ರ ಕಾಂಡಕ್ಕೇ ಅಂಟಿಕೊಂಡಂತೆ ಚಿಗುರಿನ ಗೊಂಚಲು! ನಮ್ಮಲ್ಲಿ ನೀಲಗಿರಿ ಎಂದು ಕರೆಯುವ ಮರದ ಬಳಗವೇ ಇದು. ತೊಗಟೆಯಡಿ ಮೊಗ್ಗುಗಳು ಮಲಗಿರುತ್ತವೆ. ಮೇಲಿನ ಎಲೆಯೆಲ್ಲ ಸುಟ್ಟಾಗ ಅವು ಏಳುತ್ತವೆ. ಇನ್ನು ಕೆಲವು ಜಾತಿಗಳು ಬುಡದ ಗೆಡ್ಡೆಯಿಂದ ಮತ್ತೆ ಹುಟ್ಟುತ್ತವೆ. ಯಕ್ಕಾ ಎಂಬ ಹುಲ್ಲುಮರಕ್ಕಂತೂ ಬೆಂಕಿಯೇ ಹೂ ಬಿಡಲು ಕರೆ.

ಆದರೆ ಎಲ್ಲಕ್ಕೂ ಇಷ್ಟು ಸುಲಭವಲ್ಲ. ಹೊಳೆವ ಕರಿ ಕಾಕಟೂ ಎಂಬ ಹಕ್ಕಿ ಇಲ್ಲಿ ತಿನ್ನುವುದು ನಮ್ಮ ಸರ್ವೆಮರದ ನೆಂಟನಂಥ ಒಂದು ಮರದ ಕಾಯಿಯ ಬೀಜವನ್ನು. ಸುಟ್ಟ ಜಾಗದಲ್ಲಿ ಹುಟ್ಟಿದ ಸಸಿ ಕಾಯಿ ಬಿಡಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಹಕ್ಕಿ ಏನು ಮಾಡಬೇಕು? ಜಗತ್ತೆಲ್ಲ ಕಣ್ಣೀರಿಟ್ಟದ್ದು ಕೊವಾಲಾಗಳಿಗೆ. ಅವು 1920ರ ದಶಕದಲ್ಲಿ ಮನುಷ್ಯರು ತಂದು ಬಿಟ್ಟವು, ಹೆಚ್ಚಾಗಿ ಮರಗಳಿಗೇ ಪೀಡೆಯಾಗಿದ್ದವು. ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ, ಇಲಿಯಷ್ಟೇ ಗಾತ್ರದ ಡನಾರ್ಟ್ ಎಂಬ ಪ್ರಾಣಿಯ ನೆಲೆ ಬಹುಪಾಲು ಸುಟ್ಟಿದ್ದು ಎಷ್ಟು ಜನಕ್ಕೆ ಗೊತ್ತು? ಮುದ್ದು ಮುಖ ಇದ್ದವರಿಗೆ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ, ಅಷ್ಟೆ.

ಫ್ಲಿಂಡರ್ಸ್ ಚೇಸ್ ರಾಷ್ಟ್ರೀಯ ಉದ್ಯಾನದ ತುದಿಯಲ್ಲಿ ಕಡಲಿನ ಮೇಲೆ ಕುಳಿತ ಬೃಹತ್ ಬಂಡೆಗಳಿವೆ. ಗಾಳಿ, ಉಪ್ಪು, ಮಳೆ ಸೇರಿ ಕೊರೆದ ಗ್ರಾನೈಟ್. ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವು. ಹುಡುಗ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುಸ್ಸಂಜೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಬೈಕಿನವನಿಗೆ ಅದು ಹುಡುಗಾಟವಲ್ಲ. ಹಿಂತಿರುಗುವ ದಾರಿಯಲ್ಲಿ ಚಿಗುರಿದ ಕರಿ ಕಾಂಡವೊಂದರ ಫೋಟೋ ತೆಗೆದು ಬೆಳಕಿರುವಾಗಲೇ ಕಿಂಗ್ಸ್‌ಕೋಟ್ ಮುಟ್ಟಿದ.

ರಾತ್ರಿ ಒಂಬತ್ತಕ್ಕೆ ಫೋಟೋ ಕಳಿಸಿ ಫೋನು ಮಾಡಿದ. ಊರಲ್ಲಿ ಆಗ ಸಂಜೆ ಐದು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಇದು ನೀಲಗಿರಿ ಅಲ್ವಾ ಮಗ?' ಎಂದರು. 'ತುದಿ ಹೋಯ್ತು. ಬದುಕ್ತದೆ ಆದ್ರೆ.' ಮತ್ತೆ ಮೌನ. ಬಳಿಕ ತಾವಾಗಿಯೇ ಶುರು ಮಾಡಿದರು: ಲಂಟಾನ ಪೊದೆಗೆ ಬೆಂಕಿ ತಾಗಿದರೆ ಹೇಗೆ ಆಳೆತ್ತರ ಏಳುತ್ತದೆ, ಗಾಳಿ ತಿರುಗಿದಾಗ ಓಡಿದ್ದು ಯಾವ ಕಡೆ, ಬೂದಿಯಲ್ಲಿ ಕಾಲಿಗೆ ಸಿಕ್ಕಿದ ಆಮೆಯ ಚಿಪ್ಪು. ಆ ವರ್ಷದ ಮೊದಲ ಮಳೆ ಬಿದ್ದಾಗ ಹುಲ್ಲು ಬಂದಿತ್ತಂತೆ, ಜಿಂಕೆಯೂ ಬಂದಿದ್ದವಂತೆ. ಜೊತೆಯವರು ಕರೆದರೂ ನೋಡಲು ಹೋಗಿರಲಿಲ್ಲ. 'ಆಗ್ಲಿಲ್ಲ ಕಣಪ್ಪಾ,' ಎಂದಷ್ಟೇ ಹೇಳಿದರು. ಹುಡುಗ ನಡುವೆ ಮಾತಾಡಲಿಲ್ಲ. ನಲವತ್ತು ನಿಮಿಷ ಕಳೆದ ಮೇಲೆ ಅಮ್ಮ ಫೋನು ಕಸಿದುಕೊಂಡು ಊಟ ಆಯಿತೇ ಎಂದು ವಿಚಾರಿಸಿದರು.

ಇಡುವ ಮುಂಚೆ ಅಪ್ಪ ಮತ್ತೆ ಬಂದು ಒಂದು ಕೆಲಸ ಹೇಳಿದರು. ಅಲ್ಲಿ ಬೆಂಕಿ ರೇಖೆ ಎಷ್ಟು ಅಗಲ ಕಡೀತಾರೆ, ನೋಡಿಕೊಂಡು ಬಾ.

ಮರುದಿನ ಹಡಗಿಗೆ ಇನ್ನೂ ಸಮಯವಿತ್ತು. ಹೊಲದ ಬೇಲಿಯಂಚಿಗೆ ಸವರಿಟ್ಟಿದ್ದ ಬೋಳು ಪಟ್ಟಿಯೊಂದನ್ನು ಕಂಡು ಅವನು ಬೈಕು ನಿಲ್ಲಿಸಿದ. ಹೆಲ್ಮೆಟ್ ಹಿಡಿಗೆ ಸಿಕ್ಕಿಸಿ, ಈ ಅಂಚಿನಿಂದ ಆ ಅಂಚಿಗೆ ಹೆಜ್ಜೆ ಎಣಿಸುತ್ತಾ ನಡೆದ.