ಗಾಳಿಯೂ ಹೊಳೆಯೂ

ಈಜಿಪ್ಟ್ ದೇಶವನ್ನು ನೋಡಿ ಬಂದವರು ಗೀಜಾದ ಪಿರಮಿಡ್ಡುಗಳ ಔನ್ನತ್ಯವನ್ನೂ ಕಾರ್ನಾಕ್ ದೇವಾಲಯದ ಸ್ತಂಭಗಳ ಗಾಂಭೀರ್ಯವನ್ನೂ ವರ್ಣಿಸುವುದು ಸಹಜ. ಅವುಗಳ ಮುಂದೆ ನಾನೂ ಮೂಕನಾಗಿ ನಿಂತವನೇ. ಆದರೆ ಮರಳಿನ ಆ ಪುರಾತನ ನಾಡನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮೊದಲು ಓಡುವುದು ಅಸ್ವಾನಿನ ದಡಕ್ಕೆ, ಅಲ್ಲಿ ನೈಲ್ ನದಿಯ ಮೇಲೆ ಬಿಳಿಯ ಮುಕ್ಕೋನದ ಹಾಯಿಯನ್ನು ಬಿಚ್ಚಿ ನಿಂತ ಫೆಲುಕಾ ಎಂಬ ದೋಣಿಗೆ.

ಫೆಲುಕಾಕ್ಕೆ ಯಂತ್ರವಿಲ್ಲ. ಗಿಡ್ಡನೆಯ ಕಂಬಕ್ಕೆ ಓರೆಯಾಗಿ ಕಟ್ಟಿದ ನೀಳವಾದ ಮರದ ದಂಡ, ಅದರಿಂದ ಇಳಿಬಿದ್ದ ಬಟ್ಟೆ, ಹಿಂದೆ ಚುಕ್ಕಾಣಿ, ಇಷ್ಟೇ ಅದರ ಸಂಪತ್ತು. ಅದನ್ನು ನಡೆಸುವವನನ್ನು ಜನ ಗೌರವದಿಂದ ‘ರಯ್ಯಿಸ್’ ಎಂದು ಕರೆಯುತ್ತಾರೆ. ಅಸ್ವಾನಿನಲ್ಲಿ ಅವನು ಬಹುಮಟ್ಟಿಗೆ ನೂಬಿಯದವನು. ಚುಕ್ಕಾಣಿಯನ್ನು ಮೊಣಕೈಯಿಂದ ಒತ್ತಿ ಹಿಡಿದು, ಹಾಯಿಯ ಹಗ್ಗವನ್ನು ಕಾಲ್ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ನೀರಿನ ಮೇಲಣ ತೆಳುವಾದ ಸುಕ್ಕುಗಳನ್ನು ನೋಡಿಯೇ ಮುಂದಿನ ಗಾಳಿಯನ್ನು ಅರಿಯುವ ಆ ವಿದ್ಯೆಯನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯದು.

ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿಯಾದರೋ ವರ್ಷದ ಬಹುಭಾಗ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೋಗುವಾಗ ಗಾಳಿ ನೂಕುತ್ತದೆ, ಬರುವಾಗ ಹೊಳೆಯೇ ಹೊತ್ತು ತರುತ್ತದೆ. ಪ್ರಕೃತಿಯ ಈ ಔದಾರ್ಯವು ಅಲ್ಲಿನ ಚಿತ್ರಲಿಪಿಯನ್ನೂ ಹೊಕ್ಕಿರುವುದನ್ನು ತಿಳಿದಂದಿನಿಂದ ನನಗೆ ಆ ದೋಣಿಯ ಮೇಲಣ ಪ್ರೀತಿ ಇಮ್ಮಡಿಯಾಯಿತು: ದಕ್ಷಿಣಕ್ಕೆ ಹೋಗುವುದೆಂಬ ಅರ್ಥಕ್ಕೆ ಹಾಯಿಯೆತ್ತಿದ ದೋಣಿಯನ್ನೂ, ಉತ್ತರಕ್ಕೆ ಹೋಗುವುದೆಂಬ ಅರ್ಥಕ್ಕೆ ಹಾಯಿಯಿಲ್ಲದ ದೋಣಿಯನ್ನೂ ಆ ಲಿಪಿಕಾರರು ಬರೆಯುತ್ತಿದ್ದರು. ವಸ್ತುಸಂಗ್ರಹಾಲಯದ ಕಲ್ಲಿನಲ್ಲಿ ಕಂಡ ಅಕ್ಷರವೊಂದರೊಳಗೆ ನಾನೇ ಕುಳಿತು ಸಾಗುತ್ತಿರುವೆನೆಂಬ ಭಾವ ಹಾಯಿ ತುಂಬಿಕೊಂಡೊಡನೆ ಬರುತ್ತದೆ.

ಹೀಗೆ ಗಾಳಿಯ ಬೆನ್ನೇರಿ, ಎಲಿಫೆಂಟೈನ್ ದ್ವೀಪದ ಆನೆಯ ಮೈಯಂಥ ನುಣುಪಾದ ಬಂಡೆಗಳನ್ನು ಬಳಸಿ ತೆಂಕಣಕ್ಕೆ ಹೋಗಬೇಕು. ನದಿಯ ನೆರೆಯನ್ನು ಅಳೆಯುತ್ತಿದ್ದ ಮೆಟ್ಟಿಲುಗಳು ಆ ದ್ವೀಪದಲ್ಲಿ ಇಂದಿಗೂ ಇವೆ. 1970ರಲ್ಲಿ ಮೇಲಣ ಮಹಾ ಅಣೆಕಟ್ಟು ಪೂರ್ಣವಾದ ಮೇಲೆ ಅಳೆಯಬೇಕಾದ ನೆರೆಯೇ ಇಲ್ಲವಾಗಿದೆ. ದೋಣಿಯಲ್ಲಿ ಕೊಡುವ ಕರ್ಕದೆ ಎಂಬ ಕೆಂಪು ಪಾನಕವು ನಮ್ಮ ಪುಂಡಿಯ ಗಿಡದ ಬಳಗಕ್ಕೇ ಸೇರಿದ್ದಾದುದರಿಂದ, ಪುಂಡಿಪಲ್ಯ ಉಂಡು ಬೆಳೆದ ನಾಲಗೆಗೆ ಅದರ ಹುಳಿ ಪರದೇಶದ್ದೆನಿಸದು.

ಹಿಂದಿರುಗುವಾಗಿನ ಸೊಗಸೇ ಬೇರೆ. ದೋಣಿ ಪ್ರವಾಹಕ್ಕೆ ಮೈಯೊಪ್ಪಿಸಿ, ಎದುರುಗಾಳಿಯಲ್ಲಿ ದಡದಿಂದ ದಡಕ್ಕೆ ಓರೆಯಾಗಿ ಹೊರಳುತ್ತ ಬರುವಾಗ, ಪಡುವಣ ದಿಬ್ಬದ ನೆತ್ತಿಯ ಮೇಲೆ ಕುಬ್ಬತ್ ಅಲ್ ಹವಾ, ಎಂದರೆ ಗಾಳಿಯ ಗುಮ್ಮಟ, ಸಂಜೆಬಿಸಿಲಿಗೆ ಹೊನ್ನಾಗುತ್ತದೆ. ಅದರ ಕೆಳಗಣ ಗುಹಾಸಮಾಧಿಗಳಲ್ಲಿ ಒಂದು ಹರ್ಖೂಫನೆಂಬ ಅಧಿಕಾರಿಯದು. 4,000 ವರ್ಷಗಳಿಗೂ ಹಿಂದೆ ಅವನು ದಕ್ಷಿಣದ ನಾಡುಗಳಿಂದ ಕುಣಿಯುವ ಕುಳ್ಳನೊಬ್ಬನನ್ನು ಕರೆತರುತ್ತಿರುವನೆಂದು ಕೇಳಿ, ಬಾಲಕನಾಗಿದ್ದ ಎರಡನೆಯ ಪೆಪಿ ರಾಜನು ಸಂಭ್ರಮದಿಂದ ಓಲೆ ಕಳುಹಿಸಿದನು: ಕೂಡಲೇ ಉತ್ತರಕ್ಕೆ ಬರಬೇಕು, ದೋಣಿಯಲ್ಲಿ ಅವನು ನೀರಿಗೆ ಬೀಳದಂತೆ ಎರಡೂ ಕಡೆ ಒಳ್ಳೆಯ ಆಳುಗಳಿರಬೇಕು, ರಾತ್ರಿಯಲ್ಲಿ ಹತ್ತು ಸಲ ಎದ್ದು ನೋಡಬೇಕು ಎಂಬುದು ಅದರ ತಾತ್ಪರ್ಯ. ಆ ಓಲೆಯನ್ನು ಹರ್ಖೂಫನು ತನ್ನ ಸಮಾಧಿಯ ಮುಂಗೋಡೆಯಲ್ಲಿ ಕೊರೆಯಿಸಿಕೊಂಡನು. ದೊರೆಗಳ ದಿಗ್ವಿಜಯದ ಶಾಸನಗಳೆಲ್ಲಕ್ಕಿಂತ ಆ ಹುಡುಗನ ಆತುರವೇ ನನಗೆ ಹೆಚ್ಚು ಆಪ್ತವಾದುದು. ಅದೇ ನೀರಿನ ಮೇಲೆ ತೇಲುತ್ತ ಅದನ್ನು ನೆನೆಯುವ ಭಾಗ್ಯ ಬೇರೆಲ್ಲಿ ದೊರೆತೀತು?

ಅಸ್ವಾನಿಗೆ ಹೋಗುವವರು ಒಂದು ಅಪರಾಹ್ಣವನ್ನು ಇದಕ್ಕಾಗಿ ಬಿಡುವು ಮಾಡಿಕೊಳ್ಳಿರಿ. ಬಾಡಿಗೆಯನ್ನು ದಡದಲ್ಲಿಯೇ ನಿಷ್ಕರ್ಷೆ ಮಾಡಿ, ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ದೋಣಿಯನ್ನೇರಿರಿ. ನಡುಹೊಳೆಯಲ್ಲಿ ಗಾಳಿ ನಿಂತರೆ ಮೋಟಾರು ದೋಣಿಗೆ ಕಟ್ಟಿ ಎಳೆಸಲು ಒಪ್ಪಬೇಡಿರಿ, ಕಾದಿರಿ.